ಕುತ್ತಿಗೆ ತಿರುಚುವ ಮುನ್ನ



ಪೀಣ್ಯದ ಕಾರ್ಖಾನೆಗಳಿಗೆ ವಾರದ ರಜೆ ಸಿಗುವ ದಿನ ಅಲ್ಲಿನ ಕ್ಷೌರದಂಗಡಿಗಳಲ್ಲಿ ಕೂರಲು ಜಾಗವಿರುವುದಿಲ್ಲ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರದ ಕಡೆಗೂ ಇದೇ ಸ್ಥಿತಿ. ವಾರವಿಡೀ ಯಂತ್ರದ ಮುಂದೆ ನಿಂತವರು, ಕಂಪ್ಯೂಟರಿನ ಮುಂದೆ ಕುಳಿತವರು, ಟೆಕ್ ಪಾರ್ಕಿನ ನೆಲ ಒರೆಸಿದವರು, ಎಲ್ಲರ ಕುತ್ತಿಗೆಯೂ ನೋಯುತ್ತಿರುತ್ತದೆ. ಕ್ಷೌರ ಮುಗಿದ ಬಳಿಕ ಅಂಗಡಿಯ ಹುಡುಗ ಪ್ರೀತಿಯಿಂದಲೇ ತಲೆಗೆ ನಾಲ್ಕು ಏಟು ತಟ್ಟಿ, ಗಲ್ಲ ಹಿಡಿದು, ತಲೆಯನ್ನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ರಪ್ಪನೆ ತಿರುಗಿಸುತ್ತಾನೆ. ಲಟಲಟ ಎಂದು ಶಬ್ದ ಬರುತ್ತದೆ. ಕುಳಿತವನಿಗೆ ಹಾಯೆನಿಸುತ್ತದೆ. ಇದಕ್ಕೆ ಬೇರೆ ಹಣವೂ ಇಲ್ಲ.

ಈ ತಿಂಗಳು ಆ 'ಲಟಕ್' ಶಬ್ದದ ಬಗ್ಗೆಯೇ ನಿಮ್ಮೊಂದಿಗೆ ಮಾತನಾಡಬೇಕೆಂದಿದ್ದೇನೆ. ನಿಮ್ಮನ್ನು ಹೆದರಿಸುವುದು ಉದ್ದೇಶವಲ್ಲ. ತಿಳಿದಿದ್ದರೆ ಉಳಿಯಬಹುದಾದ ಒಂದು ಜೀವ ತಿಳಿಯದ ಕಾರಣಕ್ಕೆ ಹಾಸಿಗೆ ಹಿಡಿಯಬಾರದು ಎಂಬುದಷ್ಟೇ ನನ್ನ ಕಾಳಜಿ.

2024ರ ಸೆಪ್ಟೆಂಬರ್ ಸುಮಾರಿಗೆ ಪತ್ರಿಕೆಗಳಲ್ಲಿ ಬಂದ ಒಂದು ಸುದ್ದಿಯನ್ನು ನಿಮ್ಮಲ್ಲಿ ಅನೇಕರು ಓದಿರಬಹುದು. ಬಳ್ಳಾರಿಯ 30 ವರ್ಷದ ಯುವಕ. ಕೆಲಸ ಹೌಸ್‌ಕೀಪಿಂಗ್. ಕ್ಷೌರಕ್ಕೆ ಹೋದಾಗ ಉಚಿತವಾಗಿ ಸಿಕ್ಕಿದ ತಲೆ ಮಾಲೀಸಿನ ಕೊನೆಗೆ ಕುತ್ತಿಗೆಯನ್ನು ಜೋರಾಗಿ ತಿರುಚಲಾಯಿತು. ತಕ್ಷಣ ತೀವ್ರವಾದ ನೋವು ಕಾಣಿಸಿಕೊಂಡಿತು. ಆತ ಅದನ್ನು ಲೆಕ್ಕಿಸದೆ ಮನೆಗೆ ಹೋದ. ಕೆಲವೇ ಗಂಟೆಗಳಲ್ಲಿ ಮಾತು ನಿಂತಿತು, ದೇಹದ ಎಡಭಾಗದಲ್ಲಿ ಬಲ ಕುಂದಿತು. ಬೆಂಗಳೂರಿನ ಆಸ್ಟರ್ ಆರ್‌ವಿ ಆಸ್ಪತ್ರೆಯ ವೈದ್ಯರು ಪರೀಕ್ಷಿಸಿದಾಗ ತಿಳಿದದ್ದೇನೆಂದರೆ, ಕುತ್ತಿಗೆಯ ರಕ್ತನಾಳದ ಒಳಗೋಡೆ ಸೀಳಿ, ಮಿದುಳಿಗೆ ಹೋಗುವ ರಕ್ತ ಕಡಿಮೆಯಾಗಿ ಪಾರ್ಶ್ವವಾಯು ಉಂಟಾಗಿತ್ತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಕೊಡಲಾಯಿತು. ಆತ ಊರಿಗೆ ಮರಳಿ ಚೇತರಿಸಿಕೊಳ್ಳಲು ಸುಮಾರು ಎರಡು ತಿಂಗಳು ಬೇಕಾಯಿತು. ಅಲ್‌ಹಮ್ದುಲಿಲ್ಲಾಹ್, ಜೀವ ಉಳಿಯಿತು.

ಮೂವತ್ತರ ವಯಸ್ಸು, ದುಡಿಯುವ ಶರೀರ. ಹಾಗಿದ್ದೂ ಪಾರ್ಶ್ವವಾಯು! ಇದು ಹೇಗೆ ಸಾಧ್ಯ?

ಕುತ್ತಿಗೆಯೊಳಗಿನ ನಾಲ್ಕು ಕಾಲುವೆಗಳು

ಬಕ್ರೀದ್ ದಿನ ಕುರ್ಬಾನಿ ನೋಡಿದವರಿಗೆ ಕುತ್ತಿಗೆಯ ರಕ್ತನಾಳಗಳ ಬಗ್ಗೆ ಹೆಚ್ಚು ವಿವರಿಸಬೇಕಿಲ್ಲ. ಝಬಹ್ ಮಾಡುವಾಗ ಶ್ವಾಸನಾಳ, ಅನ್ನನಾಳದ ಜೊತೆಗೆ ಕುತ್ತಿಗೆಯ ಎರಡು ಬದಿಯ 'ವದಜೈನ್' ಎಂಬ ರಕ್ತನಾಳಗಳನ್ನು ಕೊಯ್ಯಬೇಕೆಂದು ಮದ್ರಸದಲ್ಲಿ ಕಲಿತಿದ್ದೇವೆ. ಅವು ತುಂಡಾದ ಕೆಲವೇ ಕ್ಷಣಗಳಲ್ಲಿ ಪ್ರಾಣಿಗೆ ಪ್ರಜ್ಞೆ ತಪ್ಪುತ್ತದೆ. ಮಿದುಳಿಗೆ ರಕ್ತ ಎಷ್ಟು ಮುಖ್ಯವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಮನುಷ್ಯನ ಮಿದುಳಿಗೆ ರಕ್ತ ತಲುಪಿಸಲು ಅಲ್ಲಾಹನು ಕುತ್ತಿಗೆಯಲ್ಲಿ ನಾಲ್ಕು ಅಪಧಮನಿಗಳನ್ನು ಇರಿಸಿದ್ದಾನೆ. ಮುಂಭಾಗದಲ್ಲಿ ಎಡಕ್ಕೊಂದು, ಬಲಕ್ಕೊಂದು ಕೆರೋಟಿಡ್ ಅಪಧಮನಿ. ಗಂಟಲ ಪಕ್ಕ ಬೆರಳಿಟ್ಟರೆ ಬಡಿಯುವುದು ಇದೇ. ಹಿಂಭಾಗದಲ್ಲಿ ಎರಡು ವರ್ಟೆಬ್ರಲ್ ಅಪಧಮನಿಗಳು. ಇವು ಕುತ್ತಿಗೆಯ ಮೂಳೆಗಳಲ್ಲಿರುವ ಸಣ್ಣ ರಂಧ್ರಗಳೊಳಗಿಂದ, ದಾರ ಪೋಣಿಸಿದಂತೆ ಮೇಲೇರುತ್ತವೆ. ಮೇಲಿನ ಎರಡು ಮೂಳೆಗಳ ಬಳಿ ಬಳುಕಿ ತಿರುಗಿ ತಲೆಬುರುಡೆಯೊಳಗೆ ಹೋಗುತ್ತವೆ. ನಾವು ತಲೆ ತಿರುಗಿಸುವಾಗ ಅತಿ ಹೆಚ್ಚು ತಿರುಗುವುದು ಇದೇ ಜಾಗ. ಆದ್ದರಿಂದ ಹಠಾತ್ ತಿರುಚಿದಾಗ ಅಪಧಮನಿ ಎಳೆದಂತಾಗಲು ಇಲ್ಲಿ ಅವಕಾಶ ಹೆಚ್ಚು.

ನಮ್ಮ ಮಿದುಳಿನ ತೂಕ ಶರೀರದ ತೂಕದ ನೂರಕ್ಕೆ 2 ಭಾಗ ಮಾತ್ರ. ಆದರೆ ಶರೀರ ಬಳಸುವ ಆಮ್ಲಜನಕದ ನೂರಕ್ಕೆ 20ರಷ್ಟು ಅದಕ್ಕೊಂದಕ್ಕೇ ಬೇಕು. ಪ್ರತಿ ನಿಮಿಷ ಸುಮಾರು ಮುಕ್ಕಾಲು ಲೀಟರ್ ರಕ್ತ ಈ ನಾಲ್ಕು ಕಾಲುವೆಗಳಲ್ಲಿ ಹರಿಯಬೇಕು.

ಅರಬಿ ಭಾಷೆಯಲ್ಲಿ ಕೆರೋಟಿಡ್‌ಗೆ 'ಶಿರ್‍ಯಾನ್ ಸುಬಾತಿ' ಎನ್ನುತ್ತಾರೆ. 'ಸುಬಾತ್' ಎಂದರೆ ಗಾಢ ನಿದ್ರೆ, ಮೈಮರೆತ ಸ್ಥಿತಿ. ಸೂರಃ ನಬಅ್‌ನಲ್ಲಿ ನಿದ್ರೆಯ ಬಗ್ಗೆ ಹೇಳುವಾಗ ಬಂದಿರುವುದು ಇದೇ ಪದ. ಗ್ರೀಕ್ ಮೂಲದ 'ಕೆರೋಟಿಡ್' ಎಂಬ ಹೆಸರಿಗೂ ಅದೇ ಅರ್ಥ. ಈ ನಾಳವನ್ನು ಒತ್ತಿದರೆ ಮನುಷ್ಯ ಪ್ರಜ್ಞೆ ತಪ್ಪುತ್ತಾನೆ ಎಂಬುದನ್ನು ಹಿಂದಿನವರು ತಿಳಿದಿದ್ದರು. ಇನ್ನು ಅಲ್ಲಾಹನು ತನ್ನ ಸಾಮೀಪ್ಯವನ್ನು ನಮಗೆ ಅರ್ಥ ಮಾಡಿಸಲು ಸೂರಃ ಕಾಫ್‌ನಲ್ಲಿ ಕಂಠನಾಡಿಯನ್ನೇ ಉಪಮೆಯಾಗಿ ಆರಿಸಿಕೊಂಡಿದ್ದಾನೆ ಎಂಬುದು ನಿಮಗೆಲ್ಲ ಗೊತ್ತು. ಅಂತಹ ಅಮೂಲ್ಯ ಜಾಗವನ್ನು ನಾವು ಪುಕ್ಕಟೆ ಸಿಗುತ್ತದೆಂದು ಯಾರ ಕೈಗೆ ಬೇಕಾದರೂ ಒಪ್ಪಿಸುತ್ತೇವೆ!

ಸೀಳು ಎಂದರೇನು?

ಅಪಧಮನಿಯ ಗೋಡೆಯಲ್ಲಿ ಮೂರು ಪದರಗಳಿವೆ. ನಡುವೆ ಹತ್ತಿಯಿಟ್ಟು ಹೊಲಿದ ರಜಾಯಿಯನ್ನು ನೆನಪಿಸಿಕೊಳ್ಳಿ. ಒಳಗಿನ ತೆಳು ಪದರ ಹರಿದರೆ ರಕ್ತ ಆ ಹರುಕಿನ ಮೂಲಕ ಗೋಡೆಯೊಳಗೇ ನುಗ್ಗುತ್ತದೆ. ಪದರಗಳು ಬೇರ್ಪಟ್ಟು ಗೋಡೆ ಊದಿಕೊಳ್ಳುತ್ತದೆ, ರಕ್ತದ ದಾರಿ ಕಿರಿದಾಗುತ್ತದೆ. ಹರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಚೂರು ಕಿತ್ತು ಮೇಲಕ್ಕೆ ಹೋಗಿ ಮಿದುಳಿನ ಸಣ್ಣ ನಾಳವನ್ನು ಮುಚ್ಚಿದರೆ ಅದೇ ಪಾರ್ಶ್ವವಾಯು. ಹೊರಗೆ ಗಾಯವಿಲ್ಲ, ಒಂದು ಹನಿ ರಕ್ತವೂ ಕಾಣುವುದಿಲ್ಲ. ಎಲ್ಲವೂ ಒಳಗೊಳಗೇ ನಡೆಯುತ್ತದೆ.

ಇದು ಅಪರೂಪದ ಕಾಯಿಲೆ ಎಂಬುದನ್ನೂ ಹೇಳಬೇಕು. ಪಾಶ್ಚಾತ್ಯ ದೇಶಗಳ ಲೆಕ್ಕದ ಪ್ರಕಾರ ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಎರಡು-ಮೂರು ಮಂದಿಗೆ ಇದು ಪತ್ತೆಯಾಗುತ್ತದೆ. ಒಟ್ಟು ಪಾರ್ಶ್ವವಾಯುಗಳಲ್ಲಿ ಇದರ ಪಾಲು ನೂರಕ್ಕೆ 2 ಮಾತ್ರ. ಆದರೆ 50 ವರ್ಷಕ್ಕಿಂತ ಕೆಳಗಿನವರನ್ನು ಮಾತ್ರ ತೆಗೆದುಕೊಂಡರೆ ಚಿತ್ರವೇ ಬದಲಾಗುತ್ತದೆ. ಆ ವಯಸ್ಸಿನವರ ಪಾರ್ಶ್ವವಾಯುಗಳಲ್ಲಿ ಸುಮಾರು ಐದನೇ ಒಂದು ಭಾಗದವರೆಗೆ ಈ ಸೀಳೇ ಕಾರಣ. ಅಂದರೆ ಇದು ದುಡಿಯುವ ವಯಸ್ಸಿನವರ ಕಾಯಿಲೆ. ಮನೆಗೆ ಹಣ ಕಳಿಸುವ ಮಗನ, ಎಳೆಯ ಮಕ್ಕಳ ತಾಯಿಯ ಕಾಯಿಲೆ.

ಎಲ್ಲ ಸೀಳುಗಳಿಗೂ ಕ್ಷೌರಿಕನೇ ಕಾರಣನಲ್ಲ. ವಾಹನ ಅಪಘಾತ, ಭಾರ ಎತ್ತುವಾಗಿನ ಹಠಾತ್ ಎಳೆತ, ಜಿಮ್ಮಿನ ಅತಿ ಕಸರತ್ತು, ಕೆಲವೊಮ್ಮೆ ಜೋರಾದ ಕೆಮ್ಮು ಅಥವಾ ಸೀನು ಕೂಡ ಸಾಕು. ಅನೇಕರಲ್ಲಿ ಯಾವ ಕಾರಣವೂ ಕಾಣುವುದಿಲ್ಲ. ಹುಟ್ಟಿನಿಂದಲೇ ನಾಳಗಳ ಗೋಡೆ ದುರ್ಬಲವಾಗಿರುವವರು, ಮೈಗ್ರೇನ್ ತಲೆನೋವಿರುವವರು, ರಕ್ತದೊತ್ತಡವಿರುವವರು, ಇತ್ತೀಚೆಗೆ ಜ್ವರದ ಸೋಂಕಿನಿಂದ ಎದ್ದವರಲ್ಲಿ ಇದರ ಸಂಭವ ಸ್ವಲ್ಪ ಹೆಚ್ಚು. ಹೆರಿಗೆಯ ನಂತರದ ವಾರಗಳಲ್ಲೂ ಇದು ಕಾಣಿಸಿಕೊಳ್ಳುವುದುಂಟು. ಬಾಣಂತಿಗೆ ಹೊಸದಾಗಿ ಕುತ್ತಿಗೆ ನೋವು, ತೀವ್ರ ತಲೆನೋವು ಬಂದರೆ "ಹಸಿ ಮೈ, ಗಾಳಿ ಸೋಕಿದೆ" ಎಂದು ತಲೆಗೆ ಬಟ್ಟೆ ಕಟ್ಟಿ ಮಲಗಿಸಬೇಡಿ.

ಇನ್ನೊಂದು ಸೂಕ್ಷ್ಮ ಸಂಗತಿಯಿದೆ. ಕೆಲವರಿಗೆ ಸೀಳು ಮೊದಲೇ ಆಗಿರುತ್ತದೆ. ಅದರ ನೋವನ್ನೇ ಸಾಮಾನ್ಯ ಕುತ್ತಿಗೆ ನೋವೆಂದು ತಿಳಿದು ಅವರು ಕುತ್ತಿಗೆ ಮುರಿಸಿಕೊಳ್ಳಲು ಹೋಗುತ್ತಾರೆ. ಅಲ್ಲಿ ಇನ್ನಷ್ಟು ಹಾನಿಯಾಗುತ್ತದೆ. ಹಾಗಾಗಿ ಬಡಪಾಯಿ ಕ್ಷೌರಿಕನನ್ನು ಅಪರಾಧಿಯಂತೆ ನೋಡುವುದು ಸರಿಯಲ್ಲ. ಊರು ಬಿಟ್ಟು ಬಂದು ದುಡಿಯುವ ಆ ಹುಡುಗನಿಗೆ ಇದು ಯಾರೂ ಹೇಳಿಕೊಡದ ವಿಷಯ. ಗಿರಾಕಿಯನ್ನು ಸಂತೋಷಪಡಿಸುವುದು ಅವನ ಉದ್ದೇಶ. ನಾವೇ ವಿನಯದಿಂದ, "ಕುತ್ತಿಗೆ ತಿರುಗಿಸಬೇಡ ತಮ್ಮಾ, ಇದರಿಂದ ಅಪಾಯವಿದೆ" ಎಂದು ತಿಳಿಹೇಳಿದರೆ ಅವನ ಮೂಲಕ ನೂರು ಜನರಿಗೆ ಉಪಕಾರವಾದೀತು.

ಸಹೋದರಿಯರಿಗೂ ಒಂದು ಮಾತು. 1993ರಲ್ಲಿ ಅಮೆರಿಕದ ನರರೋಗ ತಜ್ಞ ಮೈಕೆಲ್ ವೈನ್‌ಟ್ರಾಬ್, ಬ್ಯೂಟಿ ಪಾರ್ಲರಿನಲ್ಲಿ ತಲೆ ತೊಳೆಸಿಕೊಂಡ ಬಳಿಕ ಮಿದುಳಿನ ತೊಂದರೆಗೆ ಒಳಗಾದ ಐವರು ಮಹಿಳೆಯರ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 2022ರಲ್ಲಿ ಹೈದರಾಬಾದಿನ 50 ವರ್ಷದ ಮಹಿಳೆಯೊಬ್ಬರಿಗೆ ಇಂತಹದೇ ಅನುಭವವಾದುದನ್ನು ಅಲ್ಲಿನ ನರರೋಗ ತಜ್ಞ ಡಾ. ಸುಧೀರ್ ಕುಮಾರ್ ಸಾರ್ವಜನಿಕರ ಗಮನಕ್ಕೆ ತಂದರು. ಬೇಸಿನ್ನಿನ ಅಂಚಿಗೆ ಕುತ್ತಿಗೆ ಒರಗಿಸಿ ತಲೆಯನ್ನು ಬಹಳ ಹೊತ್ತು ಹಿಂದಕ್ಕೆ ಬಾಗಿಸಿದಾಗ ಹಿಂಭಾಗದ ಅಪಧಮನಿ ಅದುಮಿಹೋಗುತ್ತದೆ. ಮದುವೆಯ ಸಿಂಗಾರಕ್ಕೆ ಹೋಗುವವರು ಕುತ್ತಿಗೆಯ ಕೆಳಗೆ ದಪ್ಪ ಟವೆಲ್ ಮಡಚಿಡಲು ಹೇಳಿ. ತಲೆ ಸುತ್ತಿದರೆ ಕೂಡಲೇ ಎದ್ದು ಕೂರಿ.

ಲಕ್ಷಣಗಳನ್ನು ಗುರುತಿಸಿ

ಸಾಮಾನ್ಯ ಕುತ್ತಿಗೆ ನೋವು ಎಲ್ಲರಿಗೂ ಬರುತ್ತದೆ. ಲ್ಯಾಪ್‌ಟಾಪ್ ನೋಡಿ ನೋಡಿ ಬರುವ ನೋವು ನಿಧಾನವಾಗಿ ಶುರುವಾಗುತ್ತದೆ, ವಿಶ್ರಾಂತಿಯಿಂದ ತಗ್ಗುತ್ತದೆ. ಸೀಳಿನ ನೋವು ಹೀಗಲ್ಲ. ಅದು ಹೊಸದು, ಹೆಚ್ಚಾಗಿ ಒಂದೇ ಬದಿಯಲ್ಲಿರುತ್ತದೆ. ಕುತ್ತಿಗೆ, ಮುಖ, ಕಣ್ಣಿನ ಸುತ್ತ ಅಥವಾ ತಲೆಯ ಹಿಂಭಾಗದಲ್ಲಿ ಕಾಣಿಸುತ್ತದೆ. "ಇಂತಹ ನೋವು ಹಿಂದೆಂದೂ ಬಂದಿರಲಿಲ್ಲ" ಎಂದು ರೋಗಿಯೇ ಹೇಳುತ್ತಾನೆ. ಅದರ ಜೊತೆ ಇವುಗಳಲ್ಲಿ ಒಂದಾದರೂ ಇದ್ದರೆ ತಡಮಾಡಬೇಡಿ:

ಒಂದು ಕಣ್ಣಿನ ರೆಪ್ಪೆ ಜೋತುಬೀಳುವುದು, ಆ ಕಣ್ಣಿನ ಪಾಪೆ ಚಿಕ್ಕದಾಗುವುದು.
ಕಿವಿಯಲ್ಲಿ ನಾಡಿಬಡಿತದ ತಾಳಕ್ಕೆ ಸರಿಯಾಗಿ ಸುಯ್ ಸುಯ್ ಎಂಬ ಸದ್ದು.
ತಲೆ ಸುತ್ತುವುದು, ವಾಂತಿ, ನಡೆಯುವಾಗ ಒಂದೆಡೆಗೆ ವಾಲುವುದು.
ಒಂದು ವಸ್ತು ಎರಡಾಗಿ ಕಾಣುವುದು, ನುಂಗಲು ಕಷ್ಟವಾಗುವುದು.
ಬಾಯಿ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಬಲ ಕಳೆದುಕೊಳ್ಳುವುದು, ಮಾತು ತೊದಲುವುದು.

ನೋವು ಬಂದ ತಕ್ಷಣವೇ ಪಾರ್ಶ್ವವಾಯು ಆಗಬೇಕೆಂದಿಲ್ಲ. ಕೆಲವು ಗಂಟೆ, ಕೆಲವೊಮ್ಮೆ ಕೆಲವು ದಿನ ಕಳೆದು ಆಗಬಹುದು. ಮೊದಲ ಎರಡು ವಾರಗಳಲ್ಲಿ ಅಪಾಯ ಹೆಚ್ಚು. ಈ ನಡುವಿನ ಕಾಲವೇ ನಮಗೆ ಸಿಗುವ ಅವಕಾಶ. ನೋವಿನ ಹಂತದಲ್ಲೇ ಕಂಡುಹಿಡಿದರೆ ಪಾರ್ಶ್ವವಾಯುವನ್ನು ತಡೆಯುವ ಸಾಧ್ಯತೆ ಬಹಳವಿದೆ.

ಈ ಸಾಲುಗಳನ್ನು ಓದುತ್ತಿರುವ ಯುವಕರೇ, ನಿಮ್ಮಲ್ಲಿ ಎಷ್ಟೋ ಮಂದಿ ವೈಟ್‌ಫೀಲ್ಡಿನ ಪಿ.ಜಿ.ಗಳಲ್ಲಿ, ಪೀಣ್ಯದ ಬಾಡಿಗೆ ಕೋಣೆಗಳಲ್ಲಿ ಇದ್ದೀರಿ. ಪಕ್ಕದ ಹಾಸಿಗೆಯವನು ಬೆಳಿಗ್ಗೆ ಏಳುವಾಗ ತೊದಲಿದರೆ, ತೂರಾಡಿದರೆ ಏನೆಂದುಕೊಳ್ಳುತ್ತೀರಿ? ರಾತ್ರಿ ಪಾಳಿಯ ನಿದ್ದೆಗಣ್ಣು ಎಂದೋ, ಕುಡಿದಿರಬೇಕು ಎಂದೋ ಸುಮ್ಮನೆ ಶಿಫ್ಟಿಗೆ ಹೊರಟುಬಿಡುತ್ತೀರಾ? ಅವನ ತಾಯಿ ಮುನ್ನೂರು ಕಿಲೋಮೀಟರ್ ದೂರದಲ್ಲಿದ್ದಾಳೆ. ಅವನನ್ನು ನೋಡುವ ಕಣ್ಣು ನಿಮ್ಮದು ಮಾತ್ರ. ನೆರೆಯವನ ಹಕ್ಕಿನ ಬಗ್ಗೆ ಪ್ರವಾದಿಯವರು(ಸ) ಎಷ್ಟು ಒತ್ತಿ ಹೇಳಿದ್ದಾರೆಂದು ನಮಗೆ ಗೊತ್ತು. ಒಂದೇ ಕೋಣೆಯಲ್ಲಿ ಮಲಗುವವನಿಗಿಂತ ಹತ್ತಿರದ ನೆರೆಯವನು ಬೇರೆ ಯಾರಿದ್ದಾನೆ? ಅವನು ಯಾವ ಧರ್ಮದವನಾದರೂ ಹಕ್ಕು ಹಕ್ಕೇ. ನಗಲು ಹೇಳಿ, ಎರಡೂ ಕೈ ಎತ್ತಲು ಹೇಳಿ, ಒಂದು ವಾಕ್ಯ ಮಾತನಾಡಲು ಹೇಳಿ. ಒಂದರಲ್ಲಿ ವ್ಯತ್ಯಾಸ ಕಂಡರೂ 108ಕ್ಕೆ ಕರೆ ಮಾಡಿ. ಅವನು ಕೊನೆಯದಾಗಿ ಸರಿಯಾಗಿದ್ದ ಸಮಯವನ್ನು ಬರೆದಿಟ್ಟುಕೊಳ್ಳಿ. ವೈದ್ಯರು ಮೊದಲು ಕೇಳುವುದು ಅದನ್ನೇ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಮೊದಲು ಸ್ಕ್ಯಾನ್. ಸಿ.ಟಿ. ಆಂಜಿಯೋಗ್ರಾಮ್ ಅಥವಾ ಎಂ.ಆರ್.ಐ. ಮಾಡಿ ಮಿದುಳನ್ನೂ ಕುತ್ತಿಗೆಯ ನಾಳಗಳನ್ನೂ ಒಟ್ಟಿಗೆ ನೋಡುತ್ತಾರೆ. ಸೀಳಿದ ಗೋಡೆಯೊಳಗೆ ನಿಂತ ರಕ್ತ ಎಂ.ಆರ್.ಐ.ಯಲ್ಲಿ ಅರ್ಧಚಂದ್ರದಂತೆ ಬಿಳಿಯಾಗಿ ಕಾಣುತ್ತದೆ. ಮಿದುಳಿನ ಸ್ಕ್ಯಾನ್ ಮಾತ್ರ ಮಾಡಿದರೆ ಸೀಳು ತಪ್ಪಿಹೋಗಬಹುದು. ಆದ್ದರಿಂದ ಕುತ್ತಿಗೆ ತಿರುಚಿದ್ದು, ಬಿದ್ದದ್ದು, ಭಾರ ಎತ್ತಿದ್ದು ಏನಿದ್ದರೂ ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸಿ.

ಪಾರ್ಶ್ವವಾಯು ಆಗಿದ್ದರೆ, ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ತಲುಪಿದವರಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ಅವಕಾಶವಿದೆ. ದೊಡ್ಡ ನಾಳ ಮುಚ್ಚಿದ್ದರೆ ತೊಡೆಯ ಅಥವಾ ಕೈಯ ನಾಳದ ಮೂಲಕ ಸಣ್ಣ ಕೊಳವೆ ತೂರಿಸಿ ಹೆಪ್ಪನ್ನು ಹೊರತೆಗೆಯುತ್ತಾರೆ. ಆಯ್ದ ರೋಗಿಗಳಲ್ಲಿ ಇದನ್ನು 24 ಗಂಟೆಯವರೆಗೂ ಮಾಡಬಹುದು. ಆದರೆ ದೊಡ್ಡ ನಾಳ ಮುಚ್ಚಿದ ಪಾರ್ಶ್ವವಾಯುವಿನಲ್ಲಿ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ತಜ್ಞರು ಲೆಕ್ಕ ಹಾಕಿದ್ದಾರೆ. ಬೆಂಗಳೂರಿನ ಟ್ರಾಫಿಕ್ ಬಲ್ಲ ನಿಮಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಎಲೆಕ್ಟ್ರಾನಿಕ್ ಸಿಟಿಯವರಿಗೆ ಹೊಸೂರು ರಸ್ತೆಯಲ್ಲೇ ಒಂದು ತುದಿಗೆ ನಿಮ್ಹಾನ್ಸ್ ಇದೆ, ಇನ್ನೊಂದೆಡೆ ಬೊಮ್ಮಸಂದ್ರದಲ್ಲಿ ನಾರಾಯಣ ಆಸ್ಪತ್ರೆಯಿದೆ. ವೈಟ್‌ಫೀಲ್ಡಿನಲ್ಲಿ ವೈದೇಹಿ ಆಸ್ಪತ್ರೆ, ಸತ್ಯಸಾಯಿ ಆಸ್ಪತ್ರೆಗಳಿವೆ. ನೀವಿರುವ ಕಡೆಯಿಂದ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಸ್ಕ್ಯಾನ್ ಮತ್ತು ಪಾರ್ಶ್ವವಾಯು ಚಿಕಿತ್ಸೆ ಸಿಗುತ್ತದೆ ಎಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ. ಸ್ಕ್ಯಾನ್ ಇಲ್ಲದ ನರ್ಸಿಂಗ್ ಹೋಮಿಗೆ ಹೋಗಿ ಡ್ರಿಪ್ ಹಾಕಿಸಿಕೊಂಡು ಎರಡು ಗಂಟೆ ಕಳೆಯಬೇಡಿ.

ಮುಂದಿನ ಚಿಕಿತ್ಸೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ. ಇದರಲ್ಲಿ ಎರಡು ಬಗೆ. ಆಸ್ಪಿರಿನ್, ಕ್ಲೊಪಿಡೋಗ್ರೆಲ್‌ನಂತಹ ಮಾತ್ರೆಗಳು ಒಂದು ಬಗೆ. ಹೆಪಾರಿನ್ ಚುಚ್ಚುಮದ್ದು, ವಾರ್ಫರಿನ್ ಮುಂತಾದವು ಇನ್ನೊಂದು ಬಗೆ. ಯಾವುದು ಉತ್ತಮ ಎಂದು ತಿಳಿಯಲು ಬ್ರಿಟನ್ ಮತ್ತು ಆಸ್ಟ್ರೇಲಿಯದಲ್ಲಿ 250 ರೋಗಿಗಳ ಮೇಲೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮೂರು ತಿಂಗಳಲ್ಲಿ ಮೊದಲ ಬಗೆಯ ಔಷಧಿ ಪಡೆದ 126 ಮಂದಿಯಲ್ಲಿ ಮೂವರಿಗೆ, ಎರಡನೇ ಬಗೆಯ 124 ಮಂದಿಯಲ್ಲಿ ಒಬ್ಬರಿಗೆ ಪಾರ್ಶ್ವವಾಯು ಆಯಿತು. ಇಷ್ಟು ಕಡಿಮೆ ಸಂಖ್ಯೆಯಿಂದ ಇದೇ ಮೇಲು ಎಂದು ಹೇಳಲಾಗದು. ಆದರೆ ಒಂದು ಸಂತೋಷದ ವಿಷಯ ಇದರಲ್ಲಿದೆ: ಔಷಧಿ ತೆಗೆದುಕೊಂಡ 250 ಮಂದಿಯಲ್ಲಿ 246 ಮಂದಿಗೆ ಆ ಅವಧಿಯಲ್ಲಿ ಪಾರ್ಶ್ವವಾಯು ಆಗಲಿಲ್ಲ. 2021ರಲ್ಲಿ ಪ್ರಕಟವಾದ ಯುರೋಪಿನ ಇನ್ನೊಂದು ಅಧ್ಯಯನದಲ್ಲಿ, ಆಸ್ಪಿರಿನ್ ಇನ್ನೊಂದು ಬಗೆಯ ಔಷಧಿಗೆ ಸರಿಸಮ ಎಂದು ಸಾಬೀತಾಗಲಿಲ್ಲ. ಆದ್ದರಿಂದ ರೋಗಿಯ ಸ್ಥಿತಿ ನೋಡಿ ವೈದ್ಯರು ಆಯ್ಕೆ ಮಾಡುತ್ತಾರೆ. ಔಷಧಿಯನ್ನು ಕನಿಷ್ಠ ಮೂರರಿಂದ ಆರು ತಿಂಗಳು ತೆಗೆದುಕೊಂಡು, ಮತ್ತೆ ಸ್ಕ್ಯಾನ್ ಮಾಡಿಸಿ, ನಂತರ ಮುಂದಿನದನ್ನು ನಿರ್ಧರಿಸುವುದು ರೂಢಿ. ಹೆಚ್ಚಿನ ಸೀಳುಗಳು ಈ ತಿಂಗಳುಗಳಲ್ಲಿ ತಾವಾಗಿ ಕೂಡಿಕೊಳ್ಳುತ್ತವೆ. ಶಸ್ತ್ರಚಿಕಿತ್ಸೆಯಾಗಲಿ ಸ್ಟೆಂಟ್ ಆಗಲಿ ಬೇಕಾಗುವುದು ಕೆಲವರಿಗೆ ಮಾತ್ರ.

ನೋವು ಹೋಯಿತೆಂದು ಮಾತ್ರೆ ನಿಲ್ಲಿಸುವುದು ನಮ್ಮವರ ದೊಡ್ಡ ಚಾಳಿ. ಇಲ್ಲಿ ಅದು ಪ್ರಾಣಾಪಾಯ. ವಾರ್ಫರಿನ್ ತೆಗೆದುಕೊಳ್ಳುವವರು ವೈದ್ಯರು ಹೇಳಿದಂತೆ ರಕ್ತಪರೀಕ್ಷೆ ಮಾಡಿಸುತ್ತಿರಬೇಕು, ಸೊಪ್ಪು ತರಕಾರಿಯನ್ನು ಒಂದು ದಿನ ರಾಶಿ, ಒಂದು ದಿನ ಇಲ್ಲ ಎಂಬಂತೆ ತಿನ್ನದೆ ಒಂದೇ ಪ್ರಮಾಣದಲ್ಲಿ ತಿನ್ನಬೇಕು. ತಲೆನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬಾರದು, ರಕ್ತಸ್ರಾವವಾಗಬಹುದು. ಗರ್ಭಿಣಿಯರಿಗೆ ವಾರ್ಫರಿನ್‌ನಿಂದ ಮಗುವಿಗೆ ಹಾನಿಯಿದೆ. ಸಹೋದರಿಯರು ಈ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ದೀನಿನ ಪ್ರಶ್ನೆಗಳು

ಈಗ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆಗಳಿಗೆ ಬರೋಣ.

ಮೊದಲನೆಯದು ಹೆಪಾರಿನ್. ಈ ಔಷಧಿಯನ್ನು ಹೆಚ್ಚಾಗಿ ಹಂದಿಯ ಕರುಳಿನ ಒಳಪದರದಿಂದ ತಯಾರಿಸುತ್ತಾರೆ. ಇದು ನಿಜ. ಇದನ್ನು ತಿಳಿದು ತುರ್ತು ಹೊತ್ತಿನಲ್ಲಿ ಚುಚ್ಚುಮದ್ದು ಬೇಡವೆನ್ನುವವರಿದ್ದಾರೆ. ಅವರ ತಕ್ವಾವನ್ನು ಗೌರವಿಸೋಣ. ಆದರೆ ಫಿಕ್ಹ್ ಏನು ಹೇಳುತ್ತದೆಂದು ಕೇಳೋಣ. ಮಕ್ಕಾದ ರಾಬಿತತುಲ್ ಆಲಮಿಲ್ ಇಸ್ಲಾಮಿಯ ಫಿಕ್ಹ್ ಅಕಾಡೆಮಿಯು 2003ರ ಡಿಸೆಂಬರಿನ ಅಧಿವೇಶನದಲ್ಲಿ ಇದೇ ವಿಷಯವನ್ನು ಚರ್ಚಿಸಿತು. ಸಾಕಷ್ಟು ಪರಿಣಾಮಕಾರಿಯಾದ ಹಲಾಲ್ ಬದಲಿ ಇಲ್ಲದಾಗ, ಅಗತ್ಯವಿರುವಷ್ಟು ಮಾತ್ರ, ಈ ಹೆಪಾರಿನ್ ಬಳಸುವುದು ಅನುಮತಿಸಲ್ಪಟ್ಟಿದೆ ಎಂದು ತೀರ್ಮಾನಿಸಿತು. ಜೀವದ ರಕ್ಷಣೆ ಶರೀಅತಿನ ಮೂಲ ಉದ್ದೇಶಗಳಲ್ಲೊಂದು. ಅನಿವಾರ್ಯತೆಯಲ್ಲಿ ನಿಷಿದ್ಧವೂ ಸಡಿಲವಾಗುತ್ತದೆ ಎಂಬ ನಿಯಮವನ್ನು ಮದ್ರಸದ ವಿದ್ಯಾರ್ಥಿಯೂ ಬಲ್ಲ. ಬದಲಿಗಳೂ ಇವೆ. ಫೊಂಡಾಪರಿನಕ್ಸ್ ಎಂಬುದು ಪೂರ್ಣವಾಗಿ ಕೃತಕವಾಗಿ ತಯಾರಾಗುವ ಚುಚ್ಚುಮದ್ದು. ಆಸ್ಪಿರಿನ್, ವಾರ್ಫರಿನ್ ಮಾತ್ರೆಗಳಿವೆ. "ಡಾಕ್ಟ್ರೇ, ಬದಲಿ ನಡೆಯುತ್ತದೆಯೇ?" ಎಂದು ಕೇಳುವುದು ನಿಮ್ಮ ಹಕ್ಕು. "ಈಗ ನಡೆಯದು" ಎಂದರೆ ಒಪ್ಪಿಕೊಳ್ಳುವುದು ನಿಮ್ಮ ಕರ್ತವ್ಯ.

ಎರಡನೆಯದು ಹಿಜಾಮ. ಪ್ರವಾದಿಯವರು(ಸ) ಹಿಜಾಮ ಮಾಡಿಸಿಕೊಂಡದ್ದು ಹದೀಸ್‌ಗಳಿಂದ ತಿಳಿದುಬರುತ್ತದೆ, ಕುತ್ತಿಗೆಯ ಬದಿಗಳಲ್ಲಿಯೂ ಸಹ. ಅದರ ಬಗ್ಗೆ ನಮಗೆ ಗೌರವವಿದೆ. ಆದರೆ ಹೊಸದಾಗಿ ಬಂದ, ಕಾರಣ ತಿಳಿಯದ ಕುತ್ತಿಗೆ ನೋವಿಗೆ ನೇರವಾಗಿ ಹಿಜಾಮಕ್ಕೆ ಹೋದರೆ ಅಮೂಲ್ಯ ಸಮಯ ಕಳೆಯುತ್ತದೆ. ರಕ್ತ ತೆಳುವಾಗಿಸುವ ಔಷಧಿಯಲ್ಲಿರುವಾಗ ಗೀರು ಹಾಕಿಸಿಕೊಂಡರೆ ರಕ್ತ ನಿಲ್ಲದಿರಬಹುದು. ರೋಗವನ್ನು ಅರಿಯದೆ ಚಿಕಿತ್ಸೆ ಮಾಡಿದವನು ಹಾನಿಗೆ ಹೊಣೆಗಾರನೆಂದು ನಮ್ಮ ಫಿಕ್ಹ್ ಹೇಳುತ್ತದೆ ಎಂಬುದನ್ನು ಹಿಜಾಮ ಮಾಡುವವರೂ, ಇಂಟರ್ನೆಟ್ ನೋಡಿ ಕುತ್ತಿಗೆ ಮುರಿಯಲು ಕಲಿತವರೂ ನೆನಪಿಡಬೇಕು.

ಮೂರನೆಯದು ಬಹಳ ಮುಖ್ಯ. ಬಾಯಿ ಸೊಟ್ಟಗಾದಾಗ, ಮಾತು ನಿಂತಾಗ "ಯಾವುದೋ ಸೋಂಕು, ಕಣ್ಣು ತಾಗಿದೆ" ಎಂದು ಮೊದಲು ಉಸ್ತಾದರನ್ನು ಕರೆಯುವ ಮನೆಗಳು ಇಂದಿಗೂ ಇವೆ. ಮದ್ರಸದಲ್ಲಿ ಕಲಿತು, ಮದ್ರಸದಲ್ಲಿ ಕಲಿಸುವ ನಾನು ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ: ಮೊದಲು ಆಂಬುಲೆನ್ಸ್. ದುಆವನ್ನು ಆಂಬುಲೆನ್ಸಿನಲ್ಲಿ ಕುಳಿತು ಓದಿ, ಸ್ಕ್ಯಾನ್ ಕೋಣೆಯ ಹೊರಗೆ ಓದಿ. ದುಆಗೆ ಸಮಯದ ಮಿತಿಯಿಲ್ಲ, ಹೆಪ್ಪು ಕರಗಿಸುವ ಮದ್ದಿಗೆ ಇದೆ. ನಿಮ್ಮ ಮನೆಗೆ ಕರೆದ ಉಸ್ತಾದರು ಕೂಡ "ಮೊದಲು ಆಸ್ಪತ್ರೆಗೆ ಹೋಗಿ" ಎಂದು ಹೇಳಲಿ. ಅದರಿಂದ ಅವರ ಗೌರವ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಒಂಟೆಯನ್ನು ಕಟ್ಟಿದ ನಂತರದ ಭರವಸೆಯೇ ತವಕ್ಕುಲ್.

ಸಬ್ರ್ ಎಂಬ ಪದವನ್ನೂ ನಾವು ತಪ್ಪಾಗಿ ಬಳಸುತ್ತೇವೆ. ನಮ್ಮ ಹೆಣ್ಣುಮಕ್ಕಳು ನೋವನ್ನು ನುಂಗಿಕೊಂಡು ಅಡುಗೆ ಮಾಡುವುದನ್ನು ಸಬ್ರ್ ಎನ್ನುತ್ತೇವೆ. ನೋವನ್ನು ಹೇಳಿಕೊಂಡು, ಚಿಕಿತ್ಸೆ ಪಡೆದು, ಆರು ತಿಂಗಳು ತಪ್ಪದೆ ಮಾತ್ರೆ ನುಂಗಿ, ಫಲಿತಾಂಶವನ್ನು ಅಲ್ಲಾಹನಿಗೆ ಬಿಡುವುದೂ ಸಬ್ರ್ ಅಲ್ಲವೇ?

ನಮಾಝ್ ಮತ್ತು ಉಪವಾಸದ ಬಗ್ಗೆ: ವೈದ್ಯರು ಬಾಗಬಾರದೆಂದರೆ ಕುಳಿತು, ಅದೂ ಆಗದಿದ್ದರೆ ಸನ್ನೆಯಿಂದ ನಮಾಝ್ ಮಾಡುವ ರಿಯಾಯಿತಿ ನಮಗಿದೆ. ಸಲಾಮ್ ಹೇಳುವಾಗ ಮೆಲ್ಲನೆ ಮುಖ ತಿರುಗಿಸಿದರೆ ಸಾಕು. ರಮಝಾನಿನಲ್ಲಿ ರೋಗಿಗೆ ಉಪವಾಸ ಬಿಟ್ಟು ಬೇರೆ ದಿನಗಳಲ್ಲಿ ಪೂರೈಸುವ ಅನುಮತಿಯಿದೆ. ಮಾತ್ರೆಯ ಹೊತ್ತನ್ನು ಸಹರಿ ಮತ್ತು ಇಫ್ತಾರಿಗೆ ಬದಲಿಸಬಹುದೇ ಎಂಬುದನ್ನು ವೈದ್ಯರನ್ನೇ ಕೇಳಿ, ನೀವಾಗಿ ಬದಲಿಸಬೇಡಿ.

ದುಡಿಯುವವನು ಮಲಗಿದರೆ

ಕಾಯಿಲೆಗಿಂತ ದೊಡ್ಡ ಭಯ ಹಣದ್ದು. ಇಎಸ್‌ಐ ಕಡಿತವಾಗುವ ಕಾರ್ಮಿಕರಿಗೆ ಪೀಣ್ಯದಲ್ಲೂ ರಾಜಾಜಿನಗರದಲ್ಲೂ ಇಎಸ್‌ಐ ಆಸ್ಪತ್ರೆಗಳಿವೆ. ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದ ದಿನಗಳಿಗೆ, ನಿಗದಿತ ಕಂತು ಕಟ್ಟಿದ್ದರೆ, ವರ್ಷಕ್ಕೆ 91 ದಿನಗಳವರೆಗೆ ವೇತನದ ನೂರಕ್ಕೆ 70ರಷ್ಟು ಸಿಗುವ ಸೌಲಭ್ಯವೂ ಇದೆ. ಅರ್ಧಾಂಗವಾಯುವಿಗೆ ಇನ್ನೂ ದೀರ್ಘ ಅವಧಿಯ ನೆರವಿದೆ. ಗುತ್ತಿಗೆ ಕಾರ್ಮಿಕರೇ, ನಿಮ್ಮ ಸಂಬಳದಿಂದ ಇಎಸ್‌ಐ ಕಡಿತವಾಗುತ್ತಿದೆಯೇ, ಸಂಖ್ಯೆ ನಿಮ್ಮ ಕೈಯಲ್ಲಿದೆಯೇ ಎಂದು ಆರೋಗ್ಯವಾಗಿರುವಾಗಲೇ ನೋಡಿಕೊಳ್ಳಿ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಿದೆ. ಕಾರ್ಡಿನ ಒಂದು ಪ್ರತಿ ಊರಿನ ಪೆಟ್ಟಿಗೆಯಲ್ಲಿದ್ದರೆ ಸಾಲದು, ಬೆಂಗಳೂರಿನಲ್ಲಿರುವ ಮಗನ ಬಳಿಯೂ ಇರಲಿ.

ಮಸೀದಿ ಕಮಿಟಿಗಳಿಗೂ ಒಂದು ವಿನಂತಿ. ಜುಮುಅದ ದಿನ ಖುತ್ಬಾ ಆರಂಭಕ್ಕೆ ಮುನ್ನ ಐದು ನಿಮಿಷ ಒಬ್ಬ ವೈದ್ಯರಿಂದ ಪಾರ್ಶ್ವವಾಯುವಿನ ಲಕ್ಷಣಗಳನ್ನು ಹೇಳಿಸಿ. ಮಹಲ್ಲಿನ ಕ್ಷೌರದಂಗಡಿಗಳವರನ್ನು ಕರೆದು ಚಹಾ ಕೊಟ್ಟು ಪ್ರೀತಿಯಿಂದ ತಿಳಿಸಿ. ಗದರಿಸಬೇಡಿ. ಅವರ ಅನ್ನಕ್ಕೆ ಕಲ್ಲು ಬೀಳಬಾರದು.

ಕುತ್ತಿಗೆ ನೋವಿರುವವರು ಏನು ಮಾಡಬೇಕು? ಗಂಟೆಗೊಮ್ಮೆ ಎದ್ದು ನಡೆಯಿರಿ. ಲ್ಯಾಪ್‌ಟಾಪಿನ ಕೆಳಗೆ ನಾಲ್ಕು ಪುಸ್ತಕವಿಟ್ಟು ಪರದೆಯನ್ನು ಕಣ್ಣಿನ ಮಟ್ಟಕ್ಕೆ ತನ್ನಿ. ಭುಜದ ಸ್ನಾಯುಗಳನ್ನು ಮೆಲ್ಲನೆ ಒತ್ತಿಸಿಕೊಳ್ಳಲು ಅಡ್ಡಿಯಿಲ್ಲ. ವಾರ ಕಳೆದರೂ ಹೋಗದಿದ್ದರೆ ವೈದ್ಯರನ್ನು, ಅವರು ಹೇಳಿದರೆ ಫಿಸಿಯೋಥೆರಪಿ ತಜ್ಞರನ್ನು ಕಾಣಿ. ಹಠಾತ್ ತಿರುಚುವುದು ಮಾತ್ರ ಬೇಡ, ಕ್ಷೌರದಂಗಡಿಯಲ್ಲೂ ಬೇಡ, ಮನೆಯಲ್ಲಿ ತಮ್ಮನ ಕೈಯಿಂದಲೂ ಬೇಡ, ನೀವೇ ಮಾಡಿಕೊಳ್ಳುವುದೂ ಬೇಡ.

ಶರೀರ ನಮಗೆ ಕೊಡಲ್ಪಟ್ಟ ಅಮಾನತ್. ಅದನ್ನು ಹೇಗೆ ಬಳಸಿದೆವೆಂದು ಒಂದು ದಿನ ಕೇಳಲಾಗುವುದು. ಇಂದು ಸಂಜೆ ಊರಿನಿಂದ ದೂರವಿರುವ ನಿಮ್ಮ ಮಗನಿಗೋ ತಮ್ಮನಿಗೋ ಫೋನ್ ಮಾಡುವಾಗ, ಊಟ ಆಯಿತೇ ಎಂದು ಕೇಳಿದ ಮೇಲೆ ಈ ಒಂದು ಮಾತನ್ನೂ ಸೇರಿಸಿ: ಕ್ಷೌರಕ್ಕೆ ಹೋದರೆ ಕುತ್ತಿಗೆ ತಿರುಗಿಸಬೇಡ ಎಂದು ಹೇಳು.

ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ ನೀಡಲಿ, ದುಡಿಯುವ ನಮ್ಮ ಮಕ್ಕಳನ್ನು ಕಾಪಾಡಲಿ. ಆಮೀನ್.